ಕುಲುಮೆಯ ಕಿಡಿ, ಪರದೆಯ ಚೌಕ ಮತ್ತು ಜೋಸೆಫ್ ಫೋರಿಯರ್

ನಾಲ್ಕು ವರ್ಷದ ಹಿಂದೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದ್ದೆ. ಇಪ್ಪತ್ತು ನಿಮಿಷದ್ದು. ನಮ್ಮೂರ ಪಕ್ಕದ ಹಳ್ಳಿಯಲ್ಲಿ ಉಳಿದಿದ್ದ ಕೊನೆಯ ಕುಲುಮೆ, ಅಲ್ಲಿ ಐವತ್ತು ವರ್ಷ ಸುತ್ತಿಗೆ ಹಿಡಿದ ಒಬ್ಬ ತಾತ, ತಿದಿ ಒತ್ತಲು ಕೂರುತ್ತಿದ್ದ ಅವರ ಹೆಂಡತಿ. ನಿರ್ಮಾಪಕರು ಅಂತ ಯಾರೂ ಇರಲಿಲ್ಲ. ಕ್ಯಾಮೆರಾ ಬಾಡಿಗೆಯದು, ಎಡಿಟಿಂಗ್ ಮನೆಯಲ್ಲೇ. ಕತ್ತಲಾದ ಮೇಲೆ ಕೆಂಪಗೆ ಕಾದ ನೇಗಿಲ ಗುಳವನ್ನು ಅಡೆಗಲ್ಲಿನ ಮೇಲಿಟ್ಟು ಬಡಿದಾಗ ಕಿಡಿ ಹಾರುತ್ತಲ್ಲ, ಆ ಒಂದು ಶಾಟ್‌ಗಾಗಿ ಮೂರು ಸಂಜೆ ಕಾದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಕಿಡಿಯನ್ನೂ ಎಣಿಸಬಹುದಿತ್ತು.

ಆನ್‌ಲೈನ್ ವೇದಿಕೆಯೊಂದಕ್ಕೆ ಅಪ್‌ಲೋಡ್ ಮಾಡಿದೆ. ಮಾರನೇ ದಿನ ಫೋನ್‌ನಲ್ಲಿ ತೆರೆದು ನೋಡಿದರೆ ಕಿಡಿಗಳೇ ಇಲ್ಲ. ಆ ಜಾಗದಲ್ಲಿ ಕಿತ್ತಳೆ ಬಣ್ಣದ ಚೌಕಗಳು. ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ತಾತನ ಮುಖದ ಸುಕ್ಕುಗಳು ಮೇಣ ಬಳಿದ ಹಾಗೆ ನಯವಾಗಿದ್ದವು. ಎಚ್‌ಡಿ ಅಂತ ಮೂಲೆಯಲ್ಲಿ ಬರೆದೇ ಇತ್ತು.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ದೊಡ್ಡ ತಪ್ಪು ಆದದ್ದು ಆಮೇಲೆ, ಅದನ್ನು ಮಾಡಿದ್ದು ನಾನೇ. ಹಾರ್ಡ್ ಡಿಸ್ಕ್ ತುಂಬಿತ್ತು, ಹೊಸದು ತಗೊಳ್ಳೋಕೆ ದುಡ್ಡಿರಲಿಲ್ಲ. ಸಿನಿಮಾ ಹೇಗೂ ನೆಟ್‌ನಲ್ಲಿ ಭದ್ರವಾಗಿದೆಯಲ್ಲ ಅಂದುಕೊಂಡು ಮೂಲ ಫೈಲ್‌ಗಳನ್ನೆಲ್ಲ ಅಳಿಸಿಬಿಟ್ಟೆ. ಒಂದೂವರೆ ವರ್ಷದ ನಂತರ ಒಂದು ಚಿತ್ರಸಮಾಜದವರು ದೊಡ್ಡ ಪರದೆಯಲ್ಲಿ ತೋರಿಸ್ತೀವಿ, ಮಾಸ್ಟರ್ ಪ್ರತಿ ಕಳಿಸಿ ಅಂದಾಗ ನನ್ನ ಹತ್ರ ಇದ್ದದ್ದು ಆ ಚೌಕಗಳು ಮಾತ್ರ. ಅಷ್ಟರಲ್ಲಿ ತಾತ ತೀರಿಕೊಂಡಿದ್ದರು. ಕುಲುಮೆ ಇದ್ದ ಜಾಗಕ್ಕೆ ವೆಲ್ಡಿಂಗ್ ಶಾಪ್ ಬಂದಿತ್ತು. ಮತ್ತೆ ಹೋಗಿ ಶೂಟ್ ಮಾಡುವ ಮಾತೇ ಇರಲಿಲ್ಲ.

ಆ ಚೌಕಗಳು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದೆ. ಹೋಗಿ ನಿಂತಿದ್ದು ಇನ್ನೂರು ವರ್ಷಕ್ಕೂ ಹಿಂದಿನ ಫ್ರಾನ್ಸ್‌ನಲ್ಲಿ, ಕಬ್ಬಿಣ ಕಾಯಿಸಿಕೊಂಡು ಕೂತಿದ್ದ ಒಬ್ಬ ಸರ್ಕಾರಿ ಅಧಿಕಾರಿಯ ಎದುರು. ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿಗೆಲ್ಲ ಆತನ ಹೆಸರು ಗೊತ್ತು. ಎಂ-ತ್ರೀ ಪೇಪರ್‌ನಲ್ಲಿ ಎಷ್ಟೋ ಜನರ ನಿದ್ದೆ ಕೆಡಿಸಿದ ಹೆಸರದು: ಜೋಸೆಫ್ ಫೋರಿಯರ್. ನಾನೂ ಆ ಪೇಪರನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು. ಸೂತ್ರ ಬಾಯಿಪಾಠ ಮಾಡಿದ್ದೆ. ಸೂತ್ರದ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಯಾರೂ ಹೇಳಿರಲಿಲ್ಲ.

ಮೇಣದಬತ್ತಿಯ ತುಂಡುಗಳು

ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಓಸೇರ್ ಅನ್ನೋ ಪಟ್ಟಣದಲ್ಲಿ. ಅಪ್ಪ ದರ್ಜಿ. ಹತ್ತು ವರ್ಷದ ಆಸುಪಾಸಿನಲ್ಲೇ ಹುಡುಗ ತಬ್ಬಲಿಯಾದ. ಬೆನೆಡಿಕ್ಟೈನ್ ಸನ್ಯಾಸಿಗಳು ನಡೆಸುತ್ತಿದ್ದ ಊರಿನ ಸೈನಿಕ ಶಾಲೆಗೆ ಸೇರಿಕೊಂಡ. ಅಲ್ಲಿ ಗಣಿತದ ಹುಚ್ಚು ಹಿಡೀತು. ಹಗಲು ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಲೆಕ್ಕ ಮಾಡ್ತಿದ್ದನಂತೆ.

ಸೈನ್ಯದ ಫಿರಂಗಿ ದಳಕ್ಕೆ ಸೇರಬೇಕು ಅನ್ನೋದು ಆಸೆ. ಆದರೆ ಆ ಕಾಲದ ಫ್ರಾನ್ಸ್‌ನಲ್ಲಿ ಅಂಥ ಹುದ್ದೆಗಳು ಕುಲೀನ ಮನೆತನದವರಿಗೆ ಮೀಸಲು. ದರ್ಜಿಯ ಮಗನ ಅರ್ಜಿ ಅಲ್ಲೇ ಬಿತ್ತು, ಅವನ ಗಣಿತ ಎಷ್ಟು ಚೆನ್ನಾಗಿದೆ ಅಂತ ನೋಡುವ ಗೋಜಿಗೂ ಹೋಗಲಿಲ್ಲ ಅಂತ ಜೀವನಚರಿತ್ರೆಕಾರರು ಬರೀತಾರೆ. ಹುಟ್ಟಿನ ಲೆಕ್ಕದಲ್ಲಿ ಬಾಗಿಲು ಹಾಕುವುದು ನಮಗೇನೂ ಹೊಸ ಸುದ್ದಿಯಲ್ಲ ಬಿಡಿ. 1787ರಲ್ಲಿ ಆತ ಸನ್ಯಾಸಿಯಾಗಲು ಮಠ ಸೇರಿದ. ಎರಡೇ ವರ್ಷಕ್ಕೆ ಫ್ರೆಂಚ್ ಕ್ರಾಂತಿ ಬಂತು. ಆತ ಮಠ ಬಿಟ್ಟು ಊರಿಗೆ ಬಂದು ಮೇಷ್ಟ್ರಾದ, ಕ್ರಾಂತಿಯ ಸ್ಥಳೀಯ ಸಮಿತಿಗೂ ಸೇರಿದ.

ಕ್ರಾಂತಿ ತನ್ನವರನ್ನೇ ತಿನ್ನತೊಡಗಿದಾಗ ಫೋರಿಯರ್ ಸುಮ್ಮನಿರಲಿಲ್ಲ. ಕಿರುಕುಳಕ್ಕೆ ಸಿಕ್ಕವರ ಪರ ಮಾತಾಡಿ ಮೇಲಿನವರ ಕಣ್ಣಿಗೆ ಬಿದ್ದ. 1794ರ ಜುಲೈನಲ್ಲಿ ಬಂಧನವಾಯ್ತು. ಆ ದಿನಗಳಲ್ಲಿ ಜೈಲಿಗೆ ಹೋದವರ ಮುಂದಿನ ದಾರಿ ಗಿಲೊಟಿನ್. ಆದರೆ ಅದೇ ತಿಂಗಳ ಕೊನೆಯಲ್ಲಿ ರೋಬ್ಸ್‌ಪಿಯರ್‌ನದ್ದೇ ತಲೆ ಉರುಳಿತು, ಫೋರಿಯರ್ ತಲೆ ಉಳೀತು.

ಮರುವರ್ಷ ಪ್ಯಾರಿಸ್‌ನ ಹೊಸ ಶಿಕ್ಷಕರ ಕಾಲೇಜಿಗೆ ವಿದ್ಯಾರ್ಥಿಯಾಗಿ ಹೋದ. ಪಾಠ ಮಾಡ್ತಿದ್ದವರು ಲಗ್ರಾಂಜ್, ಲಪ್ಲಾಸ್, ಮೋಂಜ್. ಆ ಕಾಲದ ಗಣಿತದ ದಿಗ್ಗಜರು. 1797ರಲ್ಲಿ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಲಗ್ರಾಂಜ್ ಬಿಟ್ಟ ಹುದ್ದೆಯೇ ಫೋರಿಯರ್‌ಗೆ ಸಿಕ್ಕಿತು. ಮುಂದಿನ ವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೊರಟಾಗ ಜೊತೆಗೆ ಹೋದ ಪಂಡಿತರ ಗುಂಪಿನಲ್ಲಿ ಈತನೂ ಇದ್ದ. ಕೈರೋದಲ್ಲಿ ಸ್ಥಾಪನೆಯಾದ ಈಜಿಪ್ಟ್ ಸಂಸ್ಥೆಗೆ ಕಾರ್ಯದರ್ಶಿಯಾದ. 1801ರಲ್ಲಿ ಮರಳಿ ಬಂದ ಮೇಲೆ ಮತ್ತೆ ಪಾಠ ಮಾಡೋಣ ಅಂದರೆ ನೆಪೋಲಿಯನ್ ಬಿಡಲಿಲ್ಲ. ಗ್ರೆನೋಬಲ್‌ಗೆ ಪ್ರಿಫೆಕ್ಟ್ ಮಾಡಿ ಕಳಿಸಿದ. ನಮ್ಮ ಲೆಕ್ಕದಲ್ಲಿ ಜಿಲ್ಲಾಧಿಕಾರಿ ಅಂದುಕೊಳ್ಳಿ.

ಹಗಲು ಆಡಳಿತ: ಹತ್ತಾರು ಹಳ್ಳಿಯವರನ್ನು ಒಪ್ಪಿಸಿ ಬೂರ್ಗ್ವಾನ್‌ನ ಜೌಗು ನೆಲದ ನೀರು ಬಸಿಸಿದ್ದು, ಟ್ಯೂರಿನ್ ಕಡೆಗೆ ಬೆಟ್ಟದ ರಸ್ತೆ ಮಾಡಿಸಿದ್ದು. ಉಳಿದ ಹೊತ್ತು ಶಾಖದ ಲೆಕ್ಕ. ರಾಜಧಾನಿಯಿಂದ ದೂರ, ಪ್ರಯೋಗಾಲಯದ ನೆರವಿಲ್ಲದೆ, ಕಚೇರಿ ಕೆಲಸದ ನಡುವೆ ಕದ್ದ ಸಮಯದಲ್ಲಿ ಮಾಡಿದ ಕೆಲಸ ಅದು. ಈಗಿನ ಮಾತಲ್ಲಿ ಹೇಳಬೇಕಾದರೆ ಸ್ವತಂತ್ರ ನಿರ್ಮಾಣ.

ಕಾದ ಕಬ್ಬಿಣದ ಲೆಕ್ಕ

ಕುಲುಮೆಯಲ್ಲಿ ಕೂತವರಿಗೆ ಈ ಪ್ರಶ್ನೆ ಕೈಗೇ ಗೊತ್ತು. ಸಲಾಕೆಯ ಒಂದು ತುದಿ ಬೆಂಕಿಯಲ್ಲಿದೆ. ಇನ್ನೊಂದು ತುದಿ ಯಾವಾಗ ಸುಡುತ್ತೆ? ನಡುವಿನ ಒಂದೊಂದು ಜಾಗದಲ್ಲಿ, ಒಂದೊಂದು ಕ್ಷಣದಲ್ಲಿ ಎಷ್ಟು ಬಿಸಿ? ಫೋರಿಯರ್ ಕಬ್ಬಿಣದ ಉಂಗುರಗಳನ್ನು ಕಾಯಿಸಿ, ಅಲ್ಲಲ್ಲಿ ಉಷ್ಣಮಾಪಕ ಇಟ್ಟು, ಶಾಖ ಹರಡುವುದನ್ನು ಅಳೆದ.

ಆತ ಕಂಡುಕೊಂಡ ದಾರಿ ಇದು. ಶಾಖ ಹೇಗೇ ಹಂಚಿಕೊಂಡಿರಲಿ, ಅದನ್ನು ಅಲೆಗಳ ಮೊತ್ತವಾಗಿ ಬರೀಬಹುದು. ಒಂದು ಅಗಲವಾದ ಅಲೆ, ಅದರ ಮೇಲೆ ಅರ್ಧ ಅಗಲದ್ದು, ಅದರ ಮೇಲೆ ಇನ್ನೂ ಕಿರಿದು, ಹೀಗೆ. ಪ್ರತಿ ಅಲೆ ತನ್ನದೇ ವೇಗದಲ್ಲಿ ಆರುತ್ತೆ. ಕಿರಿದಾದ, ಒತ್ತೊತ್ತಾದ ಅಲೆಗಳು ಬೇಗ ಸಾಯುತ್ತವೆ. ಅಗಲದವು ನಿಧಾನಕ್ಕೆ. ಅದಕ್ಕೇ ಕಾದ ಕಬ್ಬಿಣದಲ್ಲಿ ಚುಕ್ಕೆ ಚುಕ್ಕೆಯಾಗಿ ಇದ್ದ ಬಿಸಿ ಮೊದಲು ಮಾಯವಾಗಿ, ಕೊನೆಗೆ ಸಮನಾದ ಮಂದ ಕಾವು ಉಳಿಯುತ್ತೆ.

1807ರ ಡಿಸೆಂಬರ್ 21ರಂದು ಈ ಪ್ರಬಂಧವನ್ನು ಪ್ಯಾರಿಸ್‌ನ ವಿದ್ವತ್ಸಭೆಯ ಮುಂದಿಡಲಾಯ್ತು. ಪರಿಶೀಲನಾ ಸಮಿತಿಯಲ್ಲಿ ಇದ್ದವರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಮೂವರು ಆತನ ಗುರುಗಳೇ. ಲಗ್ರಾಂಜ್ ಒಪ್ಪಲಿಲ್ಲ. ನಯವಾದ ಅಲೆಗಳನ್ನು ಎಷ್ಟು ಕೂಡಿಸಿದರೂ ಚೂಪು ಮೂಲೆ, ಥಟ್ಟನೆ ಏರಿಳಿಯುವ ಗೆರೆ ಹೇಗೆ ಬರುತ್ತೆ ಅನ್ನೋದು ತಕರಾರಿನ ತಿರುಳು. ಅದು ಪೂರ್ತಿ ಹಟವೂ ಆಗಿರಲಿಲ್ಲ. ಫೋರಿಯರ್ ಕೊಟ್ಟ ಸಾಧನೆಯಲ್ಲಿ ಬಿರುಕುಗಳಿದ್ದವು. ಯಾವ ಷರತ್ತಿನಲ್ಲಿ ಆ ಮೊತ್ತ ಸರಿಯಾಗಿ ಕೂಡುತ್ತೆ ಅಂತ ಡಿರಿಕ್ಲೆ ಬಿಗಿಯಾಗಿ ತೋರಿಸಿದ್ದು 1829ರಲ್ಲಿ. ಆದರೆ ಆವತ್ತು ಆದದ್ದು ಇಷ್ಟೇ: ಪ್ರಬಂಧ ಅಚ್ಚಾಗಲಿಲ್ಲ.

ಅಲೆಗಳಿಂದ ಚೌಕಗಳಿಗೆ

ಈಗ ನನ್ನ ಕಿತ್ತಳೆ ಚೌಕಗಳಿಗೆ ಬರ್ತೀನಿ. ಫೋರಿಯರ್ ಶಾಖಕ್ಕೆ ಮಾಡಿದ್ದನ್ನು ಚಿತ್ರಕ್ಕೂ ಮಾಡಬಹುದು. ಚಿತ್ರವೂ ಬೆಳಕಿನ ಏರಿಳಿತವೇ ತಾನೆ? ಆಕಾಶದ ಬಣ್ಣ ಅಗಲವಾದ ಅಲೆ. ಮುಖದ ಸುಕ್ಕು, ಸೀರೆಯ ನೇಯ್ಗೆ, ಕಿಡಿ, ಇವೆಲ್ಲ ಒತ್ತೊತ್ತಾದ ಅಲೆಗಳು.

ಫೋರಿಯರ್ ದಾರಿಯಿಂದ ಡಿಜಿಟಲ್ ಚಿತ್ರಕ್ಕೆ ಸೇತುವೆ ಕಟ್ಟಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು. 1940ರಲ್ಲಿ ಇಲ್ಲೇ ಹುಟ್ಟಿ, ಕೆ.ಆರ್. ಸರ್ಕಲ್‌ನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. ಬರೀ ಕೊಸೈನ್ ಅಲೆಗಳನ್ನು ಬಳಸಿ ಚಿತ್ರವನ್ನು ಒಡೆದರೆ ತುಂಬ ಕಡಿಮೆ ಅಂಕಿಗಳಲ್ಲಿ ಅದನ್ನು ಹಿಡಿದಿಡಬಹುದು ಅನ್ನೋ ಆಲೋಚನೆಗೆ ಅವರು 1972ರಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಸಿಗಲಿಲ್ಲ. ಪರಿಶೀಲಿಸಿದವರಿಗೆ ಅದು ತೀರಾ ಸರಳವಾಗಿ ಕಂಡಿತ್ತಂತೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಆ ಕೆಲಸವನ್ನು ಪ್ರಕಟಿಸಿದರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಇವತ್ತು ನೀವು ನೋಡುವ ಜೆಪೆಗ್ ಫೋಟೊ, ಹೆಚ್ಚುಕಮ್ಮಿ ಎಲ್ಲ ವಿಡಿಯೊ ಅದರ ಮೇಲೆ ಅಥವಾ ಅದರ ತಮ್ಮಂದಿರ ಮೇಲೆ ನಿಂತಿವೆ.

ಕೆಲಸ ನಡೆಯುವ ರೀತಿ ಹೀಗೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಹೋಳು ಮಾಡ್ತಾರೆ. ಅಡ್ಡ ಎಂಟು, ಉದ್ದ ಎಂಟು, ಒಟ್ಟು 64 ಚುಕ್ಕೆಯ ಚೌಕ ಅಂತಿಟ್ಟುಕೊಳ್ಳಿ. ಆ 64 ಚುಕ್ಕೆಗಳ ಬದಲು 64 ಅಲೆಗಳ ಪ್ರಮಾಣ ಬರೆದುಕೊಳ್ತಾರೆ. ಇಲ್ಲಿವರೆಗೆ ಏನೂ ಕಳೆದಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ: ಸಣ್ಣ ಅಂಕಿಗಳನ್ನು ಸೊನ್ನೆ ಮಾಡಿ, ಉಳಿದವನ್ನು ದಪ್ಪದಪ್ಪವಾಗಿ ಸರಿಹೊಂದಿಸ್ತಾರೆ. ಮೊದಲು ಹೋಗುವುದು ಒತ್ತೊತ್ತಾದ ಅಲೆಗಳೇ. ಕಬ್ಬಿಣ ಆರುವಾಗ ಪ್ರಕೃತಿ ಮಾಡುವುದನ್ನು ಇಲ್ಲಿ ಯಂತ್ರ ಮಾಡುತ್ತೆ. ಜಾಗ ತೀರಾ ಕಮ್ಮಿ ಕೊಟ್ಟರೆ ಒಂದು ಚೌಕದಲ್ಲಿ ಸರಾಸರಿ ಬಣ್ಣ ಮಾತ್ರ ಉಳಿಯುತ್ತೆ. ನನ್ನ ಫೋನ್‌ನಲ್ಲಿ ಕಂಡ ಕಿತ್ತಳೆ ಚೌಕ ಅದೇ, ಎಲ್ಲ ಅಲೆ ಸತ್ತ ಮೇಲೆ ಉಳಿದ ಸರಾಸರಿ.

ಕಿಡಿಗೆ ಇನ್ನೊಂದು ಕಷ್ಟ ಇದೆ. ವಿಡಿಯೊ ಹಿಂದಿನ ಚೌಕಟ್ಟನ್ನು ನೋಡಿ ಮುಂದಿನದನ್ನು ಊಹಿಸಿ ಜಾಗ ಉಳಿಸುತ್ತೆ. ನಿಂತ ಗೋಡೆಯನ್ನು ಊಹಿಸೋದು ಸುಲಭ. ಕಿಡಿ, ಹೊಗೆ, ಮಳೆ, ಹಬ್ಬದಲ್ಲಿ ಎರಚುವ ಬಣ್ಣ, ಇವು ಊಹೆಗೆ ಸಿಗಲ್ಲ.

ಕಳೆಯದೆ ಹಾಗೇ ಕಳಿಸಿಬಿಡಬಹುದಲ್ಲ ಅಂತ ನೀವು ಕೇಳಬಹುದು. ಲೆಕ್ಕ ಹಾಕಿ. 1080ಪಿ ವಿಡಿಯೊದ ಒಂದು ಚೌಕಟ್ಟಿನಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆ. ಒಂದು ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚೌಕಟ್ಟು. ಸೆಕೆಂಡಿಗೆ ಸುಮಾರು 155 ಎಂಬಿ. ನನ್ನ ಇಪ್ಪತ್ತು ನಿಮಿಷಕ್ಕೆ 180 ಜಿಬಿ ದಾಟುತ್ತೆ. ಇಂಥ ವಿಡಿಯೊಗೆ ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 1 ಎಂಬಿ, ಸಾಕು ಅನ್ನೋದು ಅಪ್‌ಲೋಡ್‌ಗೆ ಸಾಮಾನ್ಯವಾಗಿ ಸಿಗುವ ಸಲಹೆ. 155 ಪಾಲಿನಲ್ಲಿ ಒಂದು ಪಾಲು. ಕಳೆಯದೆ ಗತಿಯಿಲ್ಲ. ಹಾಗಾಗಿ ಕಳೆಯಬೇಕೋ ಬೇಡವೋ ಅನ್ನೋದು ಪ್ರಶ್ನೆಯಲ್ಲ. ಏನನ್ನು, ಎಷ್ಟು ಸಲ, ಯಾರು ಕಳೀತಾರೆ ಅನ್ನೋದು ಪ್ರಶ್ನೆ.

ಎಷ್ಟು ಸಲ ಕಳೆದಿರಿ?

ನಾನು ಎಡವಿದ್ದು ಇಲ್ಲೇ. ಕ್ಯಾಮೆರಾ ಒಮ್ಮೆ ಕಳೆದಿತ್ತು. ಎಡಿಟ್ ಮುಗಿಸಿ, ನಮ್ಮೂರಿನ ನೆಟ್‌ನಲ್ಲಿ ಬೇಗ ಹೋಗಲಿ ಅಂತ ಸಣ್ಣ ಫೈಲ್ ಮಾಡುವಾಗ ನಾನು ಎರಡನೇ ಸಲ ಕಳೆದೆ. ವೇದಿಕೆ ತನ್ನ ಅಳತೆಗೆ ಮರುಸಂಕುಚನ ಮಾಡುವಾಗ ಮೂರನೇ ಸಲ. ಒಂದೊಂದು ಸಲವೂ ಹಿಂದಿನವರು ಬಿಟ್ಟ ಗಾಯದ ಮೇಲೆ ಹೊಸ ಗಾಯ. ನನ್ನ ಫೈಲ್‌ನಲ್ಲಿದ್ದ ಮಸುಕು ಚೌಕಗಳನ್ನೇ ವೇದಿಕೆಯ ಯಂತ್ರ ಚಿತ್ರದ ವಿವರ ಅಂದುಕೊಂಡು ಅವಕ್ಕೆ ಜಾಗ ಕೊಟ್ಟಿತು, ಅಳಿದುಳಿದ ಕಿಡಿಗಳನ್ನು ಬಿಟ್ಟಿತು.

ಈಗ ನಾನು ಮಾಡೋದು ಇಷ್ಟು. ಎಡಿಟ್ ಮುಗಿದ ಮೇಲೆ ಮೊದಲು ಒಂದು ಮಾಸ್ಟರ್ ತೆಗೀತೀನಿ, ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಂಥ ಹಗುರ ಸಂಕುಚನದಲ್ಲಿ. ಪ್ರೊರೆಸ್ 422 ಎಚ್‌ಕ್ಯೂ ಆದರೆ ಇಪ್ಪತ್ತು ನಿಮಿಷಕ್ಕೆ ಸುಮಾರು 27 ಜಿಬಿ ಆಗುತ್ತೆ. ಆಗಲಿ. ಅಪ್‌ಲೋಡ್ ಪ್ರತಿಯನ್ನು ಯಾವಾಗಲೂ ಆ ಮಾಸ್ಟರ್‌ನಿಂದಲೇ ಮಾಡ್ತೀನಿ, ಸಲಹೆಯ ಬಿಟ್‌ರೇಟ್‌ಗಿಂತ ಎರಡು ಮೂರು ಪಟ್ಟು ಜಾಸ್ತಿ ಇಟ್ಟು. ರಾತ್ರಿಯಿಡೀ ಏರಲಿ ಬಿಡಿ. ಶೂಟ್ ಮಾಡಿದ್ದು 25 ಚೌಕಟ್ಟಾದರೆ ಕಳಿಸುವುದೂ 25. ಕತ್ತಲ ದೃಶ್ಯದಲ್ಲಿ ಕ್ಯಾಮೆರಾದ ಐಎಸ್‌ಒ ಸುಮ್ಮನೆ ಏರಿಸಲ್ಲ, ಯಾಕೆಂದರೆ ಅದರ ಮರಳು ಮರಳಾದ ನಾಯ್ಸ್ ಕೂಡ ಒತ್ತೊತ್ತಾದ ಅಲೆಯೇ, ಕಿಡಿಗೆ ಸಿಗಬೇಕಾದ ಜಾಗ ಅದು ತಿಂದುಹಾಕುತ್ತೆ. ಸ್ನೇಹಿತರಿಗೆ ಕಳಿಸುವಾಗ ಮೆಸೇಜಿಂಗ್ ಆ್ಯಪ್‌ನಲ್ಲಿ ವಿಡಿಯೊ ಆಗಿ ಹಾಕಲ್ಲ, ಫೈಲ್‌ನ ಲಿಂಕ್ ಕೊಡ್ತೀನಿ. ಯಾರು ಬೇಕಾದರೂ ನೋಡಲಿ ಅನ್ನುವಂಥ ಕೆಲಸವನ್ನು ಇಂಟರ್ನೆಟ್ ಆರ್ಕೈವ್‌ಗೂ ಹಾಕ್ತೀನಿ, ಅಲ್ಲಿ ನೋಡುವ ಸಣ್ಣ ಪ್ರತಿಯ ಜೊತೆ ನಾವು ಕೊಟ್ಟ ಫೈಲನ್ನೂ ಹಾಗೇ ಇಡ್ತಾರೆ.

ದುಡ್ಡಿದ್ದವರಿಗೆ ಇದೆಲ್ಲ ನೋಡಿಕೊಳ್ಳೋಕೆ ಜನ ಇರ್ತಾರೆ. ನಮ್ಮಂಥವರಿಗೆ ನಾವೇ. ಅದಕ್ಕೇ ಹೇಳ್ತಿದ್ದೀನಿ. ಇವತ್ತು ಹಳ್ಳಿಹಳ್ಳಿಯಲ್ಲಿ ಹುಡುಗ ಹುಡುಗಿಯರು ಕ್ಯಾಮೆರಾ ಹಿಡಿದು ತಮ್ಮ ಊರಿನ ಕೆಲಸ, ಕುಣಿತ, ಜಗಳ ದಾಖಲಿಸ್ತಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ವೇದಿಕೆಯಲ್ಲಿರುವ ಪ್ರತಿಯೇ ಏಕೈಕ ಪ್ರತಿ. ನೋಡಿಸುವ ಜಾಗ ಬೇರೆ, ಕಾಪಾಡುವ ಜಾಗ ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಮೂಲ ಪ್ರತಿ

ಫೋರಿಯರ್ ಹಾಗೆ ಅಂದುಕೊಳ್ಳಲಿಲ್ಲ. 1811ರಲ್ಲಿ ವಿದ್ವತ್ಸಭೆ ಶಾಖದ ವಿಷಯಕ್ಕೇ ಬಹುಮಾನ ಇಟ್ಟಾಗ ಪ್ರಬಂಧವನ್ನು ಬೆಳೆಸಿ ಮತ್ತೆ ಕಳಿಸಿದ. ಬಹುಮಾನ ಕೊಟ್ಟರು, ಜೊತೆಗೆ ಬಿಗಿ ಸಾಲದು ಅನ್ನೋ ಟೀಕೆಯನ್ನೂ ಕೊಟ್ಟರು, ಅಚ್ಚು ಮಾತ್ರ ಹಾಕಲಿಲ್ಲ. ಆತ ತನ್ನ ಅಲೆಗಳನ್ನು ಬಿಟ್ಟು ಅವರಿಗೆ ಒಪ್ಪುವ ಸಣ್ಣ ಪ್ರತಿ ಮಾಡಿಕೊಡಬಹುದಿತ್ತು. ಮಾಡಲಿಲ್ಲ.

ನಡುವೆ ನೆಪೋಲಿಯನ್ ಬಿದ್ದ, ಎದ್ದ, ಮತ್ತೆ ಬಿದ್ದ. ಫೋರಿಯರ್ ಹುದ್ದೆ ಹೋಯ್ತು. 1816ರಲ್ಲಿ ಅಕಾಡೆಮಿಗೆ ಆಯ್ಕೆಯಾದಾಗ ದೊರೆ ಹದಿನೆಂಟನೇ ಲೂಯಿ ಒಪ್ಪಿಗೆ ಕೊಡಲಿಲ್ಲ, ಮರುವರ್ಷ ಮತ್ತೆ ಆಯ್ಕೆಯಾಗಬೇಕಾಯ್ತು. 1822ರಲ್ಲಿ ಅದೇ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದ, ಅದೇ ವರ್ಷ ಶಾಖದ ಸಿದ್ಧಾಂತವನ್ನು ಪುಸ್ತಕವಾಗಿ ಹೊರತಂದ. 1824 ಮತ್ತು 1826ರಲ್ಲಿ ಹಳೆಯ ಬಹುಮಾನದ ಪ್ರಬಂಧವನ್ನು ಅಕಾಡೆಮಿಯ ಸಂಪುಟಗಳಲ್ಲೇ, ತಿದ್ದದೆ, ಎರಡು ಭಾಗವಾಗಿ ಅಚ್ಚು ಹಾಕಿಸಿದ. ಭೂಮಿಯ ಸುತ್ತಲ ಗಾಳಿ ಶಾಖವನ್ನು ಹಿಡಿದಿಡುತ್ತೆ ಅನ್ನೋ ಮಾತನ್ನು ಮೊದಲು ಎತ್ತಿದವರಲ್ಲೂ ಆತ ಒಬ್ಬ.

ಆತನನ್ನು ಹೊಗಳಿ ಮುಗಿಸಿಬಿಡೋದು ಸುಲಭ, ಆದರೆ ಒಂದು ಕಹಿ ಸಂಗತಿ ಹೇಳಲೇಬೇಕು. 1830ರಲ್ಲಿ ಎವಾರಿಸ್ಟ್ ಗಾಲ್ವಾ ಎಂಬ ಹದಿನೆಂಟರ ಹುಡುಗ ಅಕಾಡೆಮಿಯ ಬಹುಮಾನಕ್ಕೆ ಒಂದು ಪ್ರಬಂಧ ಕಳಿಸಿದ. ಕಾರ್ಯದರ್ಶಿ ಫೋರಿಯರ್ ಓದಲೆಂದು ಅದನ್ನು ಮನೆಗೆ ಒಯ್ದ. ಈಜಿಪ್ಟಿನಿಂದ ಬಂದಾಗಿನಿಂದ ಚಳಿ ತಡೆಯಲಾಗದೆ ಬಿಸಿ ಕೋಣೆಯಲ್ಲಿ ದಪ್ಪ ಬಟ್ಟೆ ಹೊದ್ದು ಬದುಕುತ್ತಿದ್ದ ಆತ ಆ ವರ್ಷದ ಮೇ 16ರಂದು ಸತ್ತ. ಹುಡುಗನ ಪ್ರಬಂಧ ಮತ್ತೆ ಸಿಗಲೇ ಇಲ್ಲ. ಆಧುನಿಕ ಬೀಜಗಣಿತದ ಬುನಾದಿ ಹಾಕಿದ ಗಾಲ್ವಾ ಇನ್ನೆರಡು ವರ್ಷಕ್ಕೆ ದ್ವಂದ್ವಯುದ್ಧದಲ್ಲಿ ತೀರಿಕೊಂಡ. ತನ್ನ ಬರಹಕ್ಕಾಗಿ ಹದಿನೈದು ವರ್ಷ ಕಾದವನ ಕೈಯಲ್ಲೇ ಇನ್ನೊಬ್ಬನ ಬರಹ ಕಳೆದುಹೋಯ್ತು. ಕೆಟ್ಟ ಉದ್ದೇಶ ಇರಲಿಲ್ಲ. ಒಂದೇ ಪ್ರತಿ, ಒಬ್ಬರ ಕೈಯಲ್ಲಿ ಇತ್ತು, ಅಷ್ಟೇ.

ಓಸೇರ್ ಪಟ್ಟಣದವರು 1849ರಲ್ಲಿ ಫೋರಿಯರ್‌ಗೆ ಕಂಚಿನ ಪ್ರತಿಮೆ ನಿಲ್ಲಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಶಸ್ತ್ರಾಸ್ತ್ರಕ್ಕಾಗಿ ಅದನ್ನು ಕರಗಿಸಿದರು. ಆದರೆ 1807ರ ಆ ಹಸ್ತಪ್ರತಿ ಪ್ಯಾರಿಸ್‌ನ ಎಂಜಿನಿಯರಿಂಗ್ ಕಾಲೇಜೊಂದರ ಗ್ರಂಥಾಲಯದಲ್ಲಿ ಉಳಿದುಕೊಂಡಿತ್ತು. ಅದು ಪುಸ್ತಕವಾಗಿ ಅಚ್ಚಾಗಿದ್ದು 1972ರಲ್ಲಿ, ನಾಸಿರ್ ಅಹ್ಮದ್ ಅವರ ಅರ್ಜಿ ತಿರಸ್ಕೃತವಾದ ವರ್ಷವೇ. ಬರೆದು 165 ವರ್ಷಕ್ಕೆ ಅಚ್ಚಾಯ್ತು. ಮೂಲ ಇದ್ದದ್ದಕ್ಕೆ ಆಯ್ತು.

ಚಿತ್ರಸಮಾಜದವರಿಗೆ ನಾನು ಆ ಚೌಕಗಳ ಪ್ರತಿಯನ್ನೇ ಕಳಿಸಿದೆ. ಅವರು ತೋರಿಸಿದರು. ಕೊನೆ ಸಾಲಲ್ಲಿ ಕೂತಿದ್ದ ನನಗೆ, ದೊಡ್ಡ ಪರದೆಯ ಮೇಲೆ ಸುತ್ತಿಗೆ ಬಿದ್ದಾಗಲೆಲ್ಲ ಕಿತ್ತಳೆ ಚೌಕಗಳು ಹಾರೋದು ಕಂಡಿತು. ಊರಿಂದ ಬಂದಿದ್ದ ತಾತನ ಮೊಮ್ಮಗಳು ಮುಗಿದ ಮೇಲೆ ಹತ್ತಿರ ಬಂದು, ತಾತನ ಮುಖ ಇನ್ನೂ ಸ್ವಲ್ಪ ಸ್ಪಷ್ಟವಾಗಿ ಕಾಣೋ ಪ್ರತಿ ಇದೆಯಾ ಅಣ್ಣ ಅಂತ ಕೇಳಿದಳು. ಇಲ್ಲ ಅಂದೆ.

ಮರುದಿನ ಎರಡು ಹಾರ್ಡ್ ಡಿಸ್ಕ್ ತಗೊಂಡೆ. ಒಂದು ನನ್ನ ಮನೆಯಲ್ಲಿದೆ, ಇನ್ನೊಂದು ಅಕ್ಕನ ಮನೆಯಲ್ಲಿ.